ಬಾಗಿಲಿಗೆ ಇಟ್ಟ ಕಲ್ಲು

"ಏನು ಕಚ್ಚಿದ್ರಿ?"

"ಕಲ್ಲು."

"ಊಟದಲ್ಲಿ ಸಿಕ್ತಾ?"

"ಇಲ್ಲ ಡಾಕ್ಟ್ರೇ. ಬೇಕಂತಲೇ ಕಚ್ಚಿದೆ."

ನಾನು ಹಲ್ಲಿನ ಡಾಕ್ಟರು. ಜನ ಬಾಯಿಗೆ ಏನೇನು ಹಾಕಿಕೊಳ್ಳುತ್ತಾರೆ ಅನ್ನುವುದು ನನಗೆ ಹೊಸದಲ್ಲ. ಬಾಟಲಿಯ ಮುಚ್ಚಳ ಕಚ್ಚಿ ತೆಗೆಯಲು ಹೋಗಿ ಬಂದವರಿದ್ದಾರೆ, ತುಟಿಯಲ್ಲಿ ಮೊಳೆ ಹಿಡಿದು ಏಣಿಯಿಂದ ಜಾರಿ ಬಂದವರಿದ್ದಾರೆ, ಸಿಟ್ಟಿನಲ್ಲಿ ಗಂಡನ ಕೈಗಡಿಯಾರಕ್ಕೇ ಬಾಯಿ ಹಾಕಿ ಬಂದ ಒಬ್ಬಾಕೆಯೂ ಇದ್ದಾಳೆ. ಆದರೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಬೇಕಂತಲೇ ಕಲ್ಲು ಕಚ್ಚಿದೆ ಅಂತ ಇಷ್ಟು ಮರ್ಯಾದೆಯಿಂದ ಹೇಳಿದವರು ಯಾರೂ ಇರಲಿಲ್ಲ. ಮೇಲಿನ ಸಾಲಿನ ಮುಂದಿನ ಹಲ್ಲು ಅರ್ಧಕ್ಕೆ ಹೋಗಿತ್ತು.

ಅವರ ಬೆನ್ನ ಹಿಂದೆ ನಿಂತಿದ್ದ ನಮ್ಮ ಸಿಸ್ಟರ್, ತಲೆಯ ಪಕ್ಕ ಬೆರಳು ತಿರುಗಿಸಿ ನನಗೆ ಸನ್ನೆ ಮಾಡಿದರು.

"ಜೊತೆಗೆ ಮನೆಯವರು ಯಾರಾದ್ರೂ ಬಂದಿದ್ದಾರಾ?" ಅಂತ ಆದಷ್ಟು ಮೆತ್ತಗೆ ಕೇಳಿದೆ.

ಅವರಿಗೆ ಅರ್ಥವಾಗಿಬಿಟ್ಟಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. "ಹುಚ್ಚ ಅಲ್ಲ ಡಾಕ್ಟ್ರೇ, ಮೇಷ್ಟ್ರು. ಕಾಲೇಜಲ್ಲಿ ಭೂವಿಜ್ಞಾನ ಹೇಳಿಕೊಡ್ತೀನಿ."

"ಮೇಷ್ಟ್ರುಗಳು ಕಲ್ಲು ಕಚ್ಚುತ್ತಾರಾ?"

"ನಮ್ಮ ಕಸುಬಲ್ಲಿ ಎಲ್ಲರೂ ಕಚ್ಚುತ್ತಾರೆ. ಕೆಸರು ಗಟ್ಟಿಯಾಗಿ ಕಲ್ಲಾಗುತ್ತೆ. ಸಣ್ಣ ಮರಳೂ ಗಟ್ಟಿಯಾಗಿ ಕಲ್ಲಾಗುತ್ತೆ. ಕಣ್ಣಿಗೆ ಎರಡೂ ಒಂದೇ ಥರ. ಒಂದು ಚೂರು ಮುಂದಿನ ಹಲ್ಲಲ್ಲಿ ಅರೆದು ನೋಡಿದ್ರೆ, ಕೆಸರಾದ್ರೆ ನುಣ್ಣಗೆ ಜಾರುತ್ತೆ. ಮರಳಾದ್ರೆ ಕರಕರ ಅನ್ನುತ್ತೆ."

"ನಿಮ್ಮದು ಏನಂತು?"

"ಟಕ್ ಅಂತು."

ನಾನು ನಕ್ಕುಬಿಟ್ಟೆ. ಪೇಷೆಂಟ್ ಎದುರು ನಗಬಾರದು ಅಂತ ನನ್ನದೇ ನಿಯಮ. ಮಾಸ್ಕ್ ಇತ್ತು, ಬಚಾವಾದೆ ಅಂದುಕೊಂಡೆ. ಆದರೆ ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಅದು ಒಂದು ಕಾಲದಲ್ಲಿ ಕೆಸರುಗಲ್ಲೇ ಆಗಿತ್ತು. ಆಮೇಲೆ ಯಾವಾಗಲೋ ನೆಲದೊಳಗಿಂದ ಕಾದ ಶಿಲಾರಸ ಅದರ ಪಕ್ಕಕ್ಕೆ ಬಂದಿದೆ. ಆ ಕಾವಿಗೆ ಇದು ಬೆಂದಿದೆ, ಇಟ್ಟಿಗೆ ಬೆಂದ ಹಾಗೆ. ಒಳಗೆಲ್ಲ ಬದಲಾದ್ರೂ ಮುಖ ಮಾತ್ರ ಅದೇ ಹಳೇ ಕೆಸರಿನದು. ಮುಖ ನೋಡಿ ಮೋಸಹೋದೆ. ಅದೂ ಇಡೀ ಕ್ಲಾಸಿನ ಮುಂದೆ."

ಜೇಬಿನಿಂದ ಕರವಸ್ತ್ರ ತೆಗೆದು ಬಿಡಿಸಿದರು. ಒಳಗೆ ಎರಡು ಚೂರಿದ್ದವು.

"ಇದರಲ್ಲಿ ಹಲ್ಲು ಯಾವುದು?" ಅಂದೆ.

"ಬೆಳ್ಳಗಿರೋದು. ಕಪ್ಪಗಿರೋದು ಗೆದ್ದಿದ್ದು."

ಆ ಕಪ್ಪು ಚೂರು ಈಗಲೂ ನನ್ನ ಟೇಬಲ್ ಮೇಲಿದೆ. ದಿನಾ ಬೆಳಿಗ್ಗೆ ಅದನ್ನು ನೋಡಿ ಮನಸ್ಸಿನಲ್ಲೇ ಒಂದು ಥ್ಯಾಂಕ್ಸ್ ಹೇಳುತ್ತೇನೆ. ಅದು ನಿಜವಾಗಿ ಕೆಸರಾಗಿದ್ದರೆ ಈ ಮನುಷ್ಯ ಒಮ್ಮೆ ಉಗುಳಿ, ಕ್ಲಾಸು ಮುಗಿಸಿ, ಮನೆಗೆ ಹೋಗುತ್ತಿದ್ದರು.

*

ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಾನು ಪೇಷೆಂಟ್‌ಗಳಿಗೆ ಸುಳ್ಳು ಹೇಳುವುದಿಲ್ಲ.

ಈ ಕ್ಲಿನಿಕ್ ಅಪ್ಪನದು. ಕೈ ನಡುಗಲು ಶುರುವಾದ ಮೇಲೆ ಅವರು ಡ್ರಿಲ್ ಕೆಳಗಿಟ್ಟು ಮುಂದಿನ ರೂಮಿನ ಟೇಬಲ್‌ಗೆ ಬಂದು ಕೂತರು. ಬಂದವರನ್ನು ಕೂರಿಸುವುದು, ಮಾತಾಡಿಸುವುದು, ಧೈರ್ಯ ಹೇಳುವುದು ಅವರ ಕೆಲಸ. "ಏನೂ ಆಗಲ್ಲಮ್ಮ, ಇರುವೆ ಕಚ್ಚಿದ ಹಾಗೆ ಅಷ್ಟೇ" ಅಂತ ಅವರು ಹೊರಗೆ ಹೇಳಿ ಕಳಿಸುತ್ತಾರೆ. ನಾನು ಒಳಗೆ ಸೂಜಿ ಎತ್ತಿ, "ನೋವಾಗುತ್ತೆ. ಹತ್ತು ಎಣಿಸಿ, ಕಮ್ಮಿ ಆಗುತ್ತೆ" ಅನ್ನುತ್ತೇನೆ. ಜನ ನನ್ನನ್ನು ಒರಟು ಅನ್ನುತ್ತಾರೆ. ಅನ್ನಲಿ. ನನಗೂ ಒಬ್ಬ ಸಿಹಿಮಾತಿನವನ ಜೊತೆ ಮದುವೆ ಗೊತ್ತಾಗಿತ್ತು. ನಾನು ಏನು ಮಾಡಿದರೂ "ಪರ್ಫೆಕ್ಟ್", ಏನು ಉಟ್ಟರೂ "ಸೂಪರ್". ಅವನು ಅದೇ ಮಾತುಗಳನ್ನು ಅದೇ ದನಿಯಲ್ಲಿ ಇನ್ನೊಬ್ಬಳಿಗೂ ಹೇಳುತ್ತಿದ್ದ ಅಂತ ಮದುವೆಗೆ ಮುಂಚೆಯೇ ಗೊತ್ತಾಯಿತು, ಪುಣ್ಯ. ಆವತ್ತಿನಿಂದ ಬೆಲ್ಲ ಸವರಿದ ಮಾತು ಕೇಳಿದರೆ ನನ್ನ ಹಲ್ಲು ಜುಮ್ಮೆನ್ನುತ್ತದೆ.

ಕಲ್ಲುಮೇಷ್ಟ್ರಿಗೂ ಇದ್ದದ್ದನ್ನೇ ಹೇಳಿದೆ. "ರೂಟ್ ಕೆನಾಲ್ ಮಾಡಬೇಕು, ಆಮೇಲೆ ಕ್ಯಾಪ್. ಸುಮಾರು ಸಲ ಬರಬೇಕಾಗುತ್ತೆ. ಈಗ ಇಂಜೆಕ್ಷನ್. ನೋವಾಗುತ್ತೆ."

"ಥ್ಯಾಂಕ್ಸ್," ಅಂದರು.

ನನ್ನ ಕೈ ಅಲ್ಲೇ ನಿಂತಿತು. ಆ ಮಾತಿಗೆ ಆವರೆಗೂ ಯಾರೂ ಥ್ಯಾಂಕ್ಸ್ ಹೇಳಿರಲಿಲ್ಲ.

"ಯಾಕೆ?"

"ಮೊದಲೇ ಹೇಳಿದ್ರಲ್ಲ, ಅದಕ್ಕೆ," ಅಂದು ಬಾಯಿ ತೆರೆದರು.

*

ಪ್ರತಿ ಸಲ ಬರುವಾಗಲೂ ಕಲ್ಲು ತಂದರು. ಬೇರೆಯವರು ಹೂವು ತರುತ್ತಾರೆ. ಇವರು ಕರವಸ್ತ್ರ ಬಿಡಿಸಿ ನನ್ನ ಸ್ಟೀಲ್ ಟ್ರೇಯ ಮೇಲೆ ಕಲ್ಲಿಡುತ್ತಿದ್ದರು. "ಅಯ್ಯೋ ಸ್ಟೆರಿಲೈಸ್ ಮಾಡಿದ್ದು!" ಅಂತ ಸಿಸ್ಟರ್ ಪ್ರತಿ ಸಲ ಕೂಗುತ್ತಿದ್ದರು.

ಮೊದಲು ಬಂದದ್ದು ಗ್ರಾನೈಟ್. ಬಿಳಿ, ಗುಲಾಬಿ, ಕಪ್ಪು ಚುಕ್ಕಿಗಳು ಮಿನುಗುತ್ತಿದ್ದವು. ಜೊತೆಗೆ ಒಂದು ಕರೀ ಬಸಾಲ್ಟ್.

"ಎರಡೂ ಅಗ್ನಿಶಿಲೆಯೇ," ಅಂದರು. "ಕರಗಿದ ಶಿಲಾರಸ ಆರಿ ಆದದ್ದು. ಗ್ರಾನೈಟ್ ನೆಲದೊಳಗೇ ಉಳಿದು ನಿಧಾನವಾಗಿ ಆರಿದೆ, ಅದಕ್ಕೇ ಹರಳು ದೊಡ್ಡದು. ಬಸಾಲ್ಟ್ ಮೇಲೆ ಉಕ್ಕಿ ಬಂದು ಬೇಗ ಆರಿಬಿಟ್ಟಿದೆ. ಹರಳು ಕಟ್ಟೋಕೆ ಪುರಸೊತ್ತೇ ಸಿಕ್ಕಿಲ್ಲ."

"ಹಾಗಾದ್ರೆ ನಾನು ಬಸಾಲ್ಟು. ಬೇಗ ಬಿಸಿ, ಬೇಗ ತಣ್ಣಗೆ."

ಅವರು ತಲೆ ಓರೆ ಮಾಡಿ ನನ್ನನ್ನು ನೋಡಿದರು. ಕೈಗೆ ಹೊಸ ಕಲ್ಲು ಸಿಕ್ಕಾಗ ನೋಡುವ ರೀತಿ ಅದೇ ಅಂತ ಆಮೇಲೆ ನನಗೆ ಗೊತ್ತಾಯಿತು. "ನೀವು ಯಾವ ಗುಂಪು ಅಂತ ನನಗಿನ್ನೂ ತಿಳಿದಿಲ್ಲ ಡಾಕ್ಟ್ರೇ. ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು."

ಹೇಳಿದ ಮೇಲೆ ಏನು ಹೇಳಿದೆ ಅಂತ ಅವರಿಗೇ ಹೊಳೆಯಿತು. ಕಿವಿ ಕೆಂಪಾಯಿತು.

"ನೋಡಿ, ಪರವಾಗಿಲ್ಲ," ಅಂದೆ. "ಕಚ್ಚಿ ನೋಡಬೇಡಿ ಅಷ್ಟೇ."

ಸಿಸ್ಟರ್ ಕೈಯಿಂದ ಹತ್ತಿಯ ಡಬ್ಬಿ ಬಿತ್ತು.

ಕಲ್ಲುಗಳಲ್ಲಿ ಮೂರೇ ಜಾತಿ ಅಂತ ಶಾಲೆಯಲ್ಲಿ ಓದಿದ್ದೆ, ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದೆ. ಇವರ ಬಾಯಲ್ಲಿ ಅವು ಊರಿನ ಸಂಸಾರಗಳ ಸುದ್ದಿಯಂತೆ ಕೇಳಿಸುತ್ತಿದ್ದವು. ಬೆಂಕಿಯಿಂದ ಹುಟ್ಟಿದವು ಅಗ್ನಿಶಿಲೆ. ಅವೇ ಬಿಸಿಲು ಗಾಳಿ ನೀರಿಗೆ ಸವೆದು, ಮರಳಾಗಿ ಕೆಸರಾಗಿ ಹರಿದು, ಎಲ್ಲೋ ಪದರ ಪದರವಾಗಿ ಕೂತು ಗಟ್ಟಿಯಾದರೆ ಪದರುಶಿಲೆ. ಈ ಎರಡರಲ್ಲಿ ಯಾವುದೇ ಆಗಲಿ, ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬೇರೆಯೇ ಆದರೆ ರೂಪಾಂತರ ಶಿಲೆ.

"ಕರಗಬಾರದು, ನೆನಪಿಡಿ," ಅನ್ನುತ್ತಿದ್ದರು. "ಕರಗಿದ್ರೆ ಅದು ಮತ್ತೆ ಮೊದಲಿನಿಂದ ಶುರು. ಗಟ್ಟಿಯಾಗಿದ್ದುಕೊಂಡೇ ಒಳಗೊಳಗೇ ಬದಲಾಗಬೇಕು. ಸುಣ್ಣಕಲ್ಲು ಹಾಗೆ ಬದಲಾದ್ರೆ ಅಮೃತಶಿಲೆ."

ಒಂದು ದಿನ ಸುಣ್ಣಕಲ್ಲು ತಂದರು, ಒಳಗೆ ಪುಟ್ಟ ಚಿಪ್ಪಿನ ಗುರುತಿತ್ತು. ಹಲ್ಲಿಗೆ ಕ್ಯಾಪ್ ಅಂಟಿಸುವ ಮುಂಚೆ ನಾವು ಹಚ್ಚುವ ನೀಲಿ ಜೆಲ್ ಇದೆಯಲ್ಲ, ಅದು ಆಸಿಡ್. ಅದರ ಒಂದು ತೊಟ್ಟು ಕಲ್ಲಿನ ಮೇಲೆ ಹಾಕಿ ಅಂದರು. ಹಾಕಿದೆ. ಸಣ್ಣ ಸಣ್ಣ ಗುಳ್ಳೆ ಎದ್ದು ಬಂದವು. ನಾನು ಚಿಕ್ಕ ಹುಡುಗಿಯ ಹಾಗೆ ಬಗ್ಗಿ ನೋಡಿದೆ.

"ಸುಣ್ಣಕಲ್ಲಾಗಲಿ ಅಮೃತಶಿಲೆಯಾಗಲಿ, ಆಸಿಡ್ ಬಿದ್ರೆ ನೊರೆ ಬರುತ್ತೆ. ನಿಮ್ಮ ಸ್ಟೀಲ್ ಕೊಕ್ಕೆಯಿಂದ ಗೀಚಿದ್ರೆ ಗೆರೆ ಬೀಳುತ್ತೆ. ಬೆಣಚುಕಲ್ಲಿಗೆ ಎರಡೂ ಆಗಲ್ಲ."

"ಹಲ್ಲಿಗೆ?"

"ಹಲ್ಲಿನ ಮೇಲಿನ ಪದರವೂ ಖನಿಜವೇ ಡಾಕ್ಟ್ರೇ. ಕಲ್ಲುಗಳಲ್ಲಿ ಸಿಗೋ ಅಪಟೈಟ್ ಜಾತಿಯದೇ. ಅಂದ್ರೆ ನೀವೂ ನಾನೂ ಒಂದೇ ಡಿಪಾರ್ಟ್‌ಮೆಂಟು."

ಆ ಮಾತನ್ನು ನಾನು ಆ ಸಂಜೆ ಪಾತ್ರೆ ತೊಳೆಯುವಾಗ ಎಷ್ಟು ಸಲ ನೆನೆಸಿಕೊಂಡೆ ಅಂದರೆ, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

*

ಮುಂದಿನ ರೂಮಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಅಡ್ಡ ಇಡಲು ಒಂದು ಕಲ್ಲಿದೆ. ಬೆಳ್ಳಗೆ, ಸಣ್ಣ ಕುಂಬಳಕಾಯಿಯಷ್ಟು ಉರುಟಾಗಿ, ಸಕ್ಕರೆ ಗಟ್ಟಿಕಟ್ಟಿದ ಹಾಗೆ ಕಾಣುತ್ತದೆ. ನಾನು ಹುಟ್ಟುವ ಮುಂಚಿನಿಂದ ಅದು ಅಲ್ಲೇ ಇದೆ.

ಒಂದು ಮಧ್ಯಾಹ್ನ ನಾನು ಒಬ್ಬಾಕೆಯ ಹುಳುಕು ತುಂಬಿಸುತ್ತಿದ್ದಾಗ ಹೊರಗಿನಿಂದ ಅಪ್ಪನ ದನಿ ಕೇಳಿಸಿತು. ಆ ಕಲ್ಲಿನ ಕಥೆ ಶುರುವಾಗಿತ್ತು. ನನಗೆ ಬಾಯಿಪಾಠವಾಗಿದ್ದ ಕಥೆ. ಮದುವೆಯಾದ ಹೊಸದರಲ್ಲಿ ಅಪ್ಪ ಅಮ್ಮನಿಗೆ ಅಮೃತಶಿಲೆಯ ಮನೆ ಕಟ್ಟಿಸುತ್ತೇನೆ ಅಂತ ಮಾತು ಕೊಟ್ಟಿದ್ದರು. ಒಂದು ದಿನ ರಸ್ತೆ ಬದಿ ಮಾರುವವನ ಹತ್ತಿರ ಈ ಕಲ್ಲು ಕೊಂಡು, ಎತ್ತಲಾರದೆ ಎತ್ತಿಕೊಂಡು ಬಂದು, "ತಗೋ, ಮನೆಯ ಮೊದಲ ಕಲ್ಲು" ಅಂದರು. ಅಮ್ಮ ಅದನ್ನು ಇದೇ ಬಾಗಿಲಿಗೆ ಒತ್ತಿಟ್ಟು, "ಮಿಕ್ಕ ಮನೆ ನಿಧಾನವಾಗಿ ಬರಲಿ ಬಿಡಿ, ಅಲ್ಲಿವರೆಗೂ ಬಾಗಿಲು ತೆರೆದಿಟ್ಟಿರೋಣ" ಅಂದಳು. ಮಿಕ್ಕ ಮನೆ ಬರಲೇ ಇಲ್ಲ. ಅಮ್ಮ ಹೋಗಿ ಕೆಲವು ವರ್ಷಗಳಾದವು. ಕಲ್ಲು ಇದೆ.

ಸಾಮಾನ್ಯವಾಗಿ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ನಾನು ಒಳಗಿನಿಂದಲೇ "ಅಪ್ಪಾ, ಮುಂದಿನವರನ್ನ ಕಳಿಸು" ಅಂತ ಕೂಗುತ್ತೇನೆ. ಆವತ್ತು ಕೈ ಬಿಡುವಿರಲಿಲ್ಲ. ಕೆಲಸ ಮುಗಿಸಿ ಬಾಗಿಲಿಗೆ ಬಂದಾಗ ಕಲ್ಲುಮೇಷ್ಟ್ರು ನೆಲದ ಮೇಲೆ ಮೊಣಕಾಲೂರಿ ಕೂತಿದ್ದರು. ಹೆಬ್ಬೆರಳು ಒದ್ದೆ ಮಾಡಿ ಕಲ್ಲಿನ ಮೇಲೆ ಉಜ್ಜಿದರು. ಭೂತಗನ್ನಡಿ ಇಟ್ಟು ನೋಡಿದರು.

"ಅಪ್ಪಟ ಅಮೃತಶಿಲೆ ತಾನೇ ಮೇಷ್ಟ್ರೇ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ," ಅಂದರು ಅಪ್ಪ. ಅವರ ಕಣ್ಣು ಒದ್ದೆಯಾಗಿತ್ತು.

ಮೇಷ್ಟ್ರು ತಲೆಯೆತ್ತಿ ಅಪ್ಪನ ಮುಖ ನೋಡಿದರು.

"ಹೌದು ಸರ್. ಅಪ್ಪಟ."

ಅಪ್ಪನ ಮುಖ ಅರಳಿತು. ನನಗೂ ಸಮಾಧಾನವಾಯಿತು. ತಿಳಿದವರು ಹೇಳಿದ್ದಾರೆ, ಅಮ್ಮನ ಕಲ್ಲು ಅಪ್ಪಟ. ಆ ಮನುಷ್ಯನನ್ನು ನಾನು ಪ್ರೀತಿಸುತ್ತಿದ್ದೇನೆ ಅಂತ ನನಗೆ ಖಚಿತವಾದದ್ದು ಆ ಬಾಗಿಲಲ್ಲಿ ನಿಂತಾಗಲೇ.

*

ಕ್ಯಾಪ್‌ನ ಬಣ್ಣ ಆರಿಸಬೇಕಾದರೆ ರೂಮಿನ ಲೈಟು ಆರಿಸಿ, ಪೇಷೆಂಟನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಹಗಲ ಬೆಳಕಿನಲ್ಲಿ ನೋಡಬೇಕು. ಬಿಳಿಯಲ್ಲೇ ಹತ್ತಾರು ಬಿಳಿಗಳಿರುತ್ತವೆ. ಹಲ್ಲಿನ ಮಾದರಿಗಳನ್ನು ಒಂದೊಂದಾಗಿ ಅವರ ತುಟಿಯ ಹತ್ತಿರ ಹಿಡಿದು ಹೋಲಿಸುತ್ತಾ ಹೋದೆ.

"ನಗಿ," ಅಂದೆ.

"ಸುಮ್ನೆ ನಗು ಅಂದ್ರೆ ಹೇಗೆ ನಗೋದು?"

"ನಿಮ್ಮ ಕ್ಲಾಸಿನ ಮುಂದೆ ಟಕ್ ಅಂದಿದ್ದು ನೆನಪು ಮಾಡ್ಕೊಳ್ಳಿ."

ನಕ್ಕರು. ನನ್ನ ಕಣ್ಣು ಅವರ ಹಲ್ಲಿನ ಮೇಲಿತ್ತು. ಅವರ ಕಣ್ಣು ಎಲ್ಲಿತ್ತು ಅಂತ ನೋಡದೆಯೇ ಗೊತ್ತಾಗುತ್ತಿತ್ತು. ಅಂದು ಮಾಸ್ಕ್ ಹಾಕಿಕೊಳ್ಳುವುದನ್ನು ಮರೆತಿದ್ದೆ. ಮರೆತಿದ್ದೆ ಅಂತಲೇ ಇಟ್ಟುಕೊಳ್ಳಿ.

"ದೂರದ ಬೆಟ್ಟ ನುಣ್ಣಗೆ ಅಂತಾರೆ," ಅಂದೆ, ಏನಾದರೂ ಮಾತಾಡಬೇಕಿತ್ತು. "ನಿಮಗೆ ಹತ್ತಿರ ಹೋದ ಮೇಲೂ ನುಣ್ಣಗೇ ಕಾಣುತ್ತಾ?"

"ಹತ್ತಿರ ಹೋದ್ರೆ ಒರಟೇ," ಅಂದರು. "ಆದ್ರೆ ನನಗೆ ಹತ್ತಿರದ ಬೆಟ್ಟವೇ ಇಷ್ಟ."

ಮಾದರಿ ಹಿಡಿದ ಕೈ ಇಳಿಸಿದೆ.

"ಡಾಕ್ಟ್ರೇ, ಕ್ಯಾಪ್ ಕೂರಿಸಿದ ಮೇಲೆ ನನಗೆ ಇಲ್ಲಿ ಬರೋಕೆ ಕಾರಣ ಇರಲ್ಲ. ಕಾರಣ ಇಲ್ಲದೆ ಬರಬಹುದಾ? ಈ ವಾರ, ಮುಂದಿನ ವಾರ ಅಂತ ಅಲ್ಲ. ಯಾವಾಗಲೂ."

ಹೌದು ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ನಾನು ನಾನೇ. "ಕ್ಯಾಪ್ ಕೂರಿಸೋ ದಿನ ಹೇಳ್ತೀನಿ," ಅಂದೆ.

"ಸರಿ. ನೋವಾಗೋದಿದ್ರೆ ಮೊದಲೇ ಹೇಳಿಬಿಡಿ."

*

ಲ್ಯಾಬಿನಿಂದ ಕ್ಯಾಪ್ ಬಂದ ದಿನ ಮಧ್ಯಾಹ್ನ ಪೇಷೆಂಟ್‌ಗಳಿರಲಿಲ್ಲ. ಅಪ್ಪ ಊಟಕ್ಕೆ ಹೋಗಿದ್ದರು. ನನಗೆ ಖುಷಿ ಹೆಚ್ಚಾಗಿ ಕೈ ಸುಮ್ಮನಿರಲಿಲ್ಲ. ಅಮ್ಮನ ಕಲ್ಲಿನ ಮೇಲೂ ಗುಳ್ಳೆ ಎಬ್ಬಿಸಿ ನೋಡೋಣ ಅನ್ನಿಸಿತು. ಮೇಷ್ಟ್ರು ಬಂದಾಗ, ನೋಡಿ ನಾನೂ ಕಲಿತೆ ಅಂತ ಜಂಬ ತೋರಿಸಬಹುದಲ್ಲ.

ಕಲ್ಲಿನ ತಳಭಾಗದಲ್ಲಿ, ಯಾರಿಗೂ ಕಾಣದ ಕಡೆ, ನೀಲಿ ಜೆಲ್‌ನ ಒಂದು ತೊಟ್ಟು ಹಾಕಿದೆ.

ಏನೂ ಆಗಲಿಲ್ಲ.

ಜೆಲ್ ಹಳೆಯದಾಗಿರಬೇಕು ಅಂದುಕೊಂಡು ಅವರೇ ಕೊಟ್ಟಿದ್ದ ಸುಣ್ಣಕಲ್ಲಿನ ಮೇಲೆ ಹಾಕಿದೆ. ಬುಸಬುಸ ನೊರೆ ಬಂತು. ಮತ್ತೆ ಅಮ್ಮನ ಕಲ್ಲಿನ ಮೇಲೆ ಹಾಕಿದೆ. ನೀಲಿ ತೊಟ್ಟು ಸುಮ್ಮನೆ ಕೂತಿತ್ತು. ಸ್ಟೀಲ್ ಕೊಕ್ಕೆ ತಂದು ಗೀಚಿದೆ. ಕಲ್ಲಿನ ಮೇಲೆ ಗೆರೆ ಬೀಳಲಿಲ್ಲ, ಕೊಕ್ಕೆಯ ತುದಿಯೇ ಮೊಂಡಾಯಿತು.

ಅದು ಅಮೃತಶಿಲೆಯಾಗಿರಲಿಲ್ಲ. ನನ್ನಂಥ ಹೊಸಬಳಿಗೇ ಗೊತ್ತಾಯಿತು ಅಂದ ಮೇಲೆ, ಭೂತಗನ್ನಡಿ ಹಿಡಿದು ಮಂಡಿಯೂರಿದ್ದ ಮನುಷ್ಯನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಅಪ್ಪನ ಮುಖ ನೋಡಿ "ಅಪ್ಪಟ" ಅಂದಿದ್ದರು.

ಮುಖ ನೋಡಿ ಮಾತಾಡುವವನು ನನ್ನ ಮುಖ ನೋಡಿಯೂ ಮಾತಾಡಿರಬಹುದು. ಹತ್ತಿರದ ಬೆಟ್ಟ ಇಷ್ಟ ಅಂದದ್ದು? ಥ್ಯಾಂಕ್ಸ್ ಅಂದದ್ದು? ಬೆಲ್ಲ ಸವರಿದ ಮಾತನ್ನು ನಾನು ಈ ಜನ್ಮದಲ್ಲಿ ಇನ್ನೊಂದು ಸಲ ನಂಬಲಾರೆ. ಬೇಡ ಅಂತ ಹೇಳಿಬಿಡುವುದು ಅಂತ ತೀರ್ಮಾನ ಮಾಡಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

*

ಸಂಜೆ ಬಂದರು. ಹೊಸ ಶರ್ಟು. ಕರವಸ್ತ್ರದಲ್ಲಿ ಇನ್ನೊಂದು ಕಲ್ಲಿತ್ತು, ಬಿಡಿಸಲು ಹೋದರು.

"ಮೊದಲು ಕೆಲಸ," ಅಂದೆ.

ಕೆಲಸ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಿದೆ. ಸಿಟ್ಟಿದ್ದರೆ ಅದು ನನ್ನದು, ಹಲ್ಲೇನು ತಪ್ಪು ಮಾಡಿತ್ತು? ಸಿಮೆಂಟ್ ಹಚ್ಚಿ ಕ್ಯಾಪ್ ಕೂರಿಸಿ, ಹತ್ತಿಯ ಸುರುಳಿ ಇಟ್ಟು, "ಗಟ್ಟಿಯಾಗಿ ಕಚ್ಚಿ ಹಿಡೀರಿ. ನಾನು ಹೇಳೋವರೆಗೂ ಬಾಯಿ ಬಿಡಬಾರದು," ಅಂದೆ.

ಅವರು ಕಚ್ಚಿ ಹಿಡಿದರು. ನಾನು ಸ್ಟೂಲ್ ಎಳೆದು ಎದುರಿಗೆ ಕೂತೆ.

"ಒಂದು ಪ್ರಶ್ನೆ. ಹೆಬ್ಬೆರಳಲ್ಲಿ ಉತ್ತರ ಕೊಡಿ. ಮೇಲೆ ಅಂದ್ರೆ ಹೌದು, ಕೆಳಗೆ ಅಂದ್ರೆ ಇಲ್ಲ. ಬಾಗಿಲಲ್ಲಿರೋದು ಅಮೃತಶಿಲೆನಾ?"

ಟ್ರೇಯ ಮೇಲಿದ್ದ ನೀಲಿ ಜೆಲ್ ಕಡೆ ಅವರ ಕಣ್ಣು ಹೋಯಿತು. ಅದರ ಪಕ್ಕದಲ್ಲಿದ್ದ ಮೊಂಡು ಕೊಕ್ಕೆಯ ಕಡೆ ಹೋಯಿತು. ನನ್ನ ಕಡೆ ಬಂತು. ಹೆಬ್ಬೆರಳು ನಿಧಾನವಾಗಿ ಕೆಳಗೆ ತಿರುಗಿತು.

"ಗೊತ್ತಿದ್ದೂ ಹೇಳಿದ್ರಾ?"

ಹೆಬ್ಬೆರಳು ಮೇಲಾಯಿತು.

"ನನಗೆ ಇಂಜೆಕ್ಷನ್‌ಗಿಂತ ಸುಳ್ಳಿನ ಭಯ ಜಾಸ್ತಿ ಮೇಷ್ಟ್ರೇ. ನೀವು ಯಾವತ್ತೂ ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ. ಕಲ್ಲಿನ ವಿಷಯಕ್ಕಾದ್ರೂ ಹೇಳಲ್ಲ ಅಂದ್ಕೊಂಡಿದ್ದೆ. ಈಗ ನಿಮ್ಮ ಯಾವ ಮಾತನ್ನ ನಾನು ನಂಬಲಿ? ಯಾವುದಕ್ಕೆ ಆಸಿಡ್ ಹಾಕಿ ನೋಡಲಿ?"

ಮಾತಾಡಲಾಗದ ಮನುಷ್ಯನನ್ನು ಬೈಯುವುದು ಸುಲಭ ಅಂದುಕೊಂಡಿದ್ದೆ. ಅಲ್ಲ. ಅವರ ಕಣ್ಣಿನಲ್ಲಿ ನೀರು ನಿಂತಿತ್ತು, ತೆರೆಯುವ ಹಾಗಿಲ್ಲದ ಬಾಯಿ ಗಟ್ಟಿಯಾಗಿ ಮುಚ್ಚಿತ್ತು. ಇದ್ದಕ್ಕಿದ್ದಂತೆ ಎದ್ದರು. ಕುತ್ತಿಗೆಗೆ ಕಟ್ಟಿದ ಬಟ್ಟೆ ಬಿಚ್ಚದೆಯೇ ಮುಂದಿನ ರೂಮಿಗೆ ನಡೆದರು. ಹೊರಟೇಹೋದರು ಅಂದುಕೊಂಡೆ. ಕಾಲು ತಾನಾಗಿ ಅವರ ಹಿಂದೆ ಓಡಿತು.

ಹೊರಟಿರಲಿಲ್ಲ. ಬಾಗಿಲ ಕಲ್ಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅಪ್ಪನ ಎದುರು ಕೂತಿದ್ದರು, ಹತ್ತಿ ಕಚ್ಚಿಕೊಂಡು. ತಡೆ ತಪ್ಪಿದ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

"ಏನಪ್ಪಾ ಇದು?" ಅಂದರು ಅಪ್ಪ.

ಮೇಷ್ಟ್ರು ನನ್ನ ಕಡೆ ನೋಡಿದರು, ಬಾಯಿ ಬಿಡಲೇ ಅನ್ನುವ ಹಾಗೆ.

"ಇನ್ನೂ ಸ್ವಲ್ಪ ಹೊತ್ತು," ಅಂದೆ. ಸಿಮೆಂಟ್ ಯಾರ ಮುಲಾಜನ್ನೂ ನೋಡುವುದಿಲ್ಲ. ನಾವು ಮೂವರೂ, ಜೊತೆಗೆ ಸಿಸ್ಟರೂ, ಗೋಡೆ ಗಡಿಯಾರ ನೋಡುತ್ತಾ ಕೂತೆವು.

"ಬಿಡಿ," ಅಂದೆ ಕೊನೆಗೆ.

ಹತ್ತಿ ತೆಗೆದರು. "ಸರ್, ಕ್ಷಮಿಸಿ. ಇದು ಅಮೃತಶಿಲೆ ಅಲ್ಲ. ಆವತ್ತು ನಿಮ್ಮ ಮುಖ ನೋಡಿ ನನಗೆ ಬೇರೆ ಮಾತು ಬರಲಿಲ್ಲ. ಇದು ಕ್ವಾರ್ಟ್ಜೈಟ್, ಬೆಣಚುಕಲ್ಲಿನ ಜಾತಿ. ಮೊದಲು ಬರೀ ಮರಳು. ಮರಳು ಪದರವಾಗಿ ಕೂತು ಮರಳುಗಲ್ಲಾಯ್ತು. ಆಮೇಲೆ ನೆಲದಾಳದಲ್ಲಿ ಶಾಖ, ಒತ್ತಡ. ಕರಗಲಿಲ್ಲ ಸರ್, ಕಣಗಳು ಒಂದಕ್ಕೊಂದು ಬೆಸೆದುಕೊಂಡವು. ಮರಳುಗಲ್ಲು ಒಡೆದ್ರೆ ಕಣದ ಸುತ್ತ ಬಿರುಕು ಬಿಡುತ್ತೆ, ಒಂದೊಂದು ಕಣವೂ ಬಿಡಿಯಾಗಿ ಉದುರುತ್ತೆ. ಇದು ಒಡೆದ್ರೆ ಬಿರುಕು ಕಣಗಳನ್ನೇ ಸೀಳಿಕೊಂಡು ಹೋಗುತ್ತೆ. ಅಷ್ಟು ಒಂದಾಗಿರುತ್ತೆ. ಅಮೃತಶಿಲೆಗಿಂತ ಇದು ತುಂಬಾ ಗಟ್ಟಿ. ಇದನ್ನ ಆವತ್ತೇ ಹೇಳಬೇಕಿತ್ತು. ನಿಜ ಇಷ್ಟು ಚೆನ್ನಾಗಿರುವಾಗ ಸುಳ್ಳು ಹೇಳಿದೆ."

ನಾನು ಅಪ್ಪನ ಕಡೆ ನೋಡಲಾರದೆ ಮುಚ್ಚಿದ ಬಾಗಿಲು ನೋಡುತ್ತಿದ್ದೆ.

ಅಪ್ಪ ನಕ್ಕರು. ಟೇಬಲ್ ತಟ್ಟಿ ತಟ್ಟಿ ನಕ್ಕರು. "ಗೊತ್ತಿತ್ತು ಕಣಯ್ಯಾ!"

"ಏನು?" ಅಂದೆ ನಾನು.

"ನಿಮ್ಮಮ್ಮ ಇದನ್ನ ತಂದ ವಾರವೇ ಕಲೆ ಹೋಗಲಿ ಅಂತ ವಿನೆಗರ್‌ನಲ್ಲಿ ನೆನೆಹಾಕಿದ್ದಳು. ಪಕ್ಕದ ಮನೆಯಾಕೆ ಎದೆ ಎದೆ ಬಡಿದುಕೊಂಡರಂತೆ, ಅಮೃತಶಿಲೆ ಹಾಳಾಗಿಹೋಯ್ತು ಅಂತ. ಇದಕ್ಕೆ ಏನೂ ಆಗಿರಲಿಲ್ಲ. ಅವಳಿಗೆ ಆವತ್ತೇ ಗೊತ್ತಾಗಿದೆ. ನನಗೆ ಹೇಳಿದ್ದು ಎಷ್ಟೋ ವರ್ಷ ಆದಮೇಲೆ. 'ನಿಮ್ಮ ಅಮೃತಶಿಲೆ ವಿನೆಗರ್‌ಗೂ ಜಗ್ಗಲಿಲ್ಲ ಕಣ್ರೀ, ನಿಮಗಿಂತ ಗಟ್ಟಿ' ಅಂತ."

"ಮತ್ತೆ ಬಂದವರಿಗೆಲ್ಲ ಅಮೃತಶಿಲೆ ಅಂತ ಯಾಕಪ್ಪಾ ಹೇಳ್ತೀಯ? ಇವರನ್ನ ಯಾಕೆ ಕೇಳಿದೆ?"

ಅಪ್ಪನ ನಗು ಇಳಿಯಿತು. ನಡುಗುವ ಕೈಯನ್ನು ಕಲ್ಲಿನ ಮೇಲಿಟ್ಟರು. ಕಲ್ಲಿನ ಮೇಲೆ ಇಟ್ಟಾಗ ಕೈ ನಡುಗಲಿಲ್ಲ. "ಬರೀ ಕಲ್ಲು ಅಂದ್ರೆ ಯಾರಮ್ಮ ನಿಲ್ತಾರೆ? ಅಮೃತಶಿಲೆ ಅಂದ್ರೆ ಒಂದು ನಿಮಿಷ ತಿರುಗಿ ನೋಡ್ತಾರೆ. ಆ ಒಂದು ನಿಮಿಷದಲ್ಲಿ ಅವಳ ಸುದ್ದಿ ಎತ್ತಬಹುದು. ಕಥೆಯನ್ನ ಕೊನೆವರೆಗೂ ಕೇಳಿದವನು ಇವನೊಬ್ಬನೇ."

ನಾನು ಒಳಗಿನಿಂದ ಕೂಗುತ್ತಿದ್ದ "ಮುಂದಿನವರನ್ನ ಕಳಿಸು" ನನ್ನ ಕಿವಿಯಲ್ಲೇ ಕೇಳಿಸಿತು. ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ, ನಿಜ. ಅಪ್ಪನ ಎದುರು ಮೊಣಕಾಲೂರಿ ಕೂತೂ ಇರಲಿಲ್ಲ. ಈ ಮನುಷ್ಯ ಕೂತಿದ್ದರು. ನನಗೆ ತುಂಬಾ ಕೃತಜ್ಞತೆ ಅನ್ನಿಸಿತು.

"ಸಿಸ್ಟರ್, ಬಾರಮ್ಮ, ಟೀ ಕುಡಿದು ಬರೋಣ," ಅಂತ ಅಪ್ಪ ಎದ್ದರು. ಸಿಸ್ಟರ್‌ಗೆ ಹೋಗುವ ಮನಸ್ಸೇ ಇರಲಿಲ್ಲ. ಅಪ್ಪ ಬಿಡಲಿಲ್ಲ.

ಮೇಷ್ಟ್ರು ಇನ್ನೂ ಕಲ್ಲು ಹೊತ್ತುಕೊಂಡೇ ಕೂತಿದ್ದರು.

"ಕೆಳಗಿಡಿ, ಕಾಲು ಜೋಮು ಹಿಡಿಯುತ್ತೆ."

"ನೀವು ಉತ್ತರ ಹೇಳೋವರೆಗೂ ಹಿಡ್ಕೊಂಡಿರ್ತೀನಿ. ಕೈಗೆ ಒಂದು ಆಧಾರ."

"ಇನ್ನು ಮೇಲೆ ಸುಳ್ಳು ಹೇಳ್ತೀರಾ?"

"ಇಲ್ಲ. ನಿಜವನ್ನ ಮೆತ್ತಗೆ ಹೇಳೋಕೆ ಕಲೀತೀನಿ. ನೀವೂ ಸ್ವಲ್ಪ ಕಲಿತ್ರೆ ನನಗೆ ಒಳ್ಳೇದು."

ನಗು ಬಂತು, ಅಳುವೂ ಬಂತು, ಎರಡಕ್ಕೂ ಒಂದೇ ಮುಖ ಸಾಲಲಿಲ್ಲ. "ನನ್ನ ಜೊತೆ ಇರೋದು ಸುಲಭ ಅಲ್ಲ ಮೇಷ್ಟ್ರೇ. ಮುಖಕ್ಕೆ ಹೊಡೆದ ಹಾಗೆ ಮಾತಾಡ್ತೀನಿ. ಬೇಗ ಸಿಟ್ಟು ಬರುತ್ತೆ. ನೀವಂದ್ರೆ ನನಗೆ ಪ್ರಾಣ, ಆದ್ರೂ ಬೈತೀನಿ. ನೋವಾಗುತ್ತೆ."

ಅವರು ಕಲ್ಲನ್ನು ಮೆಲ್ಲಗೆ ನೆಲಕ್ಕಿಟ್ಟು ನನ್ನ ಎರಡೂ ಕೈ ಹಿಡಿದರು. ಗ್ಲೌಸ್ ಇತ್ತು, ಆದರೂ ಬೆಚ್ಚಗಿತ್ತು.

"ಥ್ಯಾಂಕ್ಸ್," ಅಂದರು.

ಹೊಸ ಹಲ್ಲಿನ ಬಣ್ಣ ಸರಿಯಾಗಿ ಹೊಂದಿತ್ತು. ಅಷ್ಟು ಹತ್ತಿರದಿಂದ ನೋಡಿಯೇ ಹೇಳುತ್ತಿದ್ದೇನೆ.

*

ಮಾರನೇ ದಿನ ಸಂಜೆ ಬಾಗಿಲು ಸರಿಯಿತು.

"ಯಾವ ಹಲ್ಲು ಇವತ್ತು?" ಅಂತ ಸಿಸ್ಟರ್ ಬೇಕಂತಲೇ ಕೇಳಿದರು.

"ಯಾವುದೂ ಇಲ್ಲ ಸಿಸ್ಟರ್. ಸುಮ್ನೆ ಬಂದೆ."

ಅಪ್ಪ ಎದ್ದು ಬಾಗಿಲನ್ನು ಪೂರ್ತಿ ತೆರೆದು, ಕಾಲಿನಿಂದ ಕಲ್ಲು ದೂಡಿ ಒತ್ತಿಟ್ಟರು. "ಬಾರಪ್ಪಾ, ಕೂತ್ಕೋ. ಈ ಕಲ್ಲಿನ ಕಥೆ ನಿನಗೆ ಹೇಳಿದ್ದೀನಾ?"

ನಾನು ಒಳಗೆ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆ.

"ಹೇಳಿದ್ದೀರಿ ಸರ್," ಅಂದರು ಕಲ್ಲುಮೇಷ್ಟ್ರು. "ಇನ್ನೊಂದು ಸಲ ಹೇಳಿ."

ನಾನು ಗ್ಲೌಸ್ ತೆಗೆದು, ಒಳಗಿನ ಸ್ಟೂಲ್ ಎತ್ತಿಕೊಂಡು ಹೊರಗೆ ಬಂದೆ. ಅಪ್ಪ ಅನುಮಾನದಿಂದ ನನ್ನ ಮುಖ ನೋಡಿದರು, ಮುಂದಿನವರನ್ನ ಕಳಿಸು ಅನ್ನುತ್ತಾಳೇನೋ ಅಂತ. ನಾನು ಅವರಿಬ್ಬರ ನಡುವೆ ಸ್ಟೂಲ್ ಹಾಕಿ ಕೂತು, "ಮೊದಲಿನಿಂದ ಹೇಳಪ್ಪಾ," ಅಂದೆ.